ಬಾಗಿಲು ಹಾಕಿದ ಮನೆಯೊಳಗೆ ಹದಿನೈದರ ಹರೆಯ: ಕೋವಿಡ್ ಲಾಕ್‌ಡೌನ್‌ನಲ್ಲಿ ಮಕ್ಕಳ ಮನಸ್ಸಿಗೆ ಆದದ್ದೇನು?

ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ 2021ರ ಜೂನ್ 14ರಿಂದ ಕೋವಿಡ್ ಲಾಕ್‌ಡೌನ್ ಸಡಿಲವಾಯಿತು. ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಮಾತ್ರ ಸೋಂಕು ಇಳಿಯಲಿಲ್ಲ, ಹಾಗಾಗಿ ಜೂನ್ 21ರವರೆಗೆ ಮುಂದುವರಿಯಿತು. ಏಪ್ರಿಲ್ 27ರ ರಾತ್ರಿಯ ಕರ್ಫ್ಯೂನಿಂದ ಎಣಿಸಿದರೆ ಅದು ಎಂಟನೇ ವಾರ. ಅದರ ಹಿಂದಿನ ವರ್ಷದ್ದನ್ನೂ ಸೇರಿಸಿ ನೋಡಿ: 2020ರ ಮಾರ್ಚ್‌ನಲ್ಲಿ ಎಂಟನೇ ತರಗತಿಯಲ್ಲಿದ್ದ ಹುಡುಗಿ ಆಗ ಹತ್ತಕ್ಕೆ ಬಂದಿದ್ದಳು. ನಡುವಿನ ಒಂಬತ್ತನೇ ತರಗತಿಯಲ್ಲಿ ಅವಳು ಬೆಂಚಿನ ಮೇಲೆ ಕೂತದ್ದು ಫೆಬ್ರವರಿ, ಮಾರ್ಚ್ ಎರಡೇ ತಿಂಗಳು.

"ಹನ್ನೊಂದು ಗಂಟೆ ಆದ್ರೂ ಎದ್ದೇಳಲ್ಲ ಕಣ್ರೀ", "ಮಾತಾಡಿಸಿದ್ರೆ ಸಿಡುಕ್ತಾಳೆ", "ಮೊಬೈಲ್ ಕಿತ್ಕೊಂಡ್ರೆ ಊಟ ಬಿಡ್ತಾನೆ". ಅರಸೀಕೆರೆಯಿಂದ ಶೃಂಗೇರಿಯವರೆಗೆ ಮನೆಮನೆಯ ಮಾತು ಇದೇ ಆಗಿತ್ತು. ಕೋವಿಡ್‌ನ ಮೂರನೇ ಅಲೆ ಮಕ್ಕಳಿಗೆ ಬರುತ್ತದಂತೆ ಎಂಬ ಸುದ್ದಿಗೆ ಎಲ್ಲರೂ ಹಾಸಿಗೆ, ಆಕ್ಸಿಜನ್ ಲೆಕ್ಕ ಹಾಕುತ್ತಿದ್ದರು. ಅದು ಬೇಕಾಗಿದ್ದ ಲೆಕ್ಕವೇ. ಆದರೆ ಮಕ್ಕಳ ಮನಸ್ಸಿನ ಮೇಲೆ ಆಗಲೇ ಬಿದ್ದಿದ್ದ ಭಾರ ಹೊರಗಿನವರಿಗೆ ಸೋಮಾರಿತನದಂತೆ, ಹಟದಂತೆ ಕಾಣುತ್ತಿತ್ತು. ಅದು ಹಾಗಲ್ಲ ಯಾಕೆ, ಎಲ್ಲಿ ಏನು ಕೆಟ್ಟಿತು, ಮನೆಯಲ್ಲೇ ಎಷ್ಟನ್ನು ಸರಿಮಾಡಬಹುದು ಎಂದು ಒಂದೊಂದಾಗಿ ನೋಡೋಣ.

ಮೊದಲು ಐದು ಪದ

ಹದಿಹರೆಯ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ. ಮನೆಯವರು ಇನ್ನೂ "ಮಗು" ಎನ್ನುವ ಐದನೇ ತರಗತಿಯವನೂ, ಡಿಗ್ರಿಗೆ ಸೇರಿದವಳೂ ಇದರೊಳಗೇ ಬರುತ್ತಾರೆ.

ಕ್ವಾರಂಟೈನ್, ಐಸೊಲೇಷನ್ ಎರಡೂ ಒಂದೇ ಎಂದುಕೊಂಡವರು ಬಹಳ. ಸೋಂಕು ತಗುಲಿರಬಹುದು ಎಂಬ ಅನುಮಾನದ ಮೇಲೆ ದೂರ ಇರಿಸುವುದು ಕ್ವಾರಂಟೈನ್. ಸೋಂಕು ಇದೆ ಎಂದು ಖಚಿತವಾದವರನ್ನು ಬೇರೆ ಇರಿಸುವುದು ಐಸೊಲೇಷನ್. ಈ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಅಕ್ಕನನ್ನು ಬೇರೆ ಕೋಣೆಯಲ್ಲಿ ಇಟ್ಟ ತಕ್ಷಣ "ಅಕ್ಕನಿಗೆ ಬಂದುಬಿಟ್ಟಿದೆ" ಎಂದುಕೊಳ್ಳುವ ಹುಡುಗ ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಇನ್ನು ಬೇಸರ ಮತ್ತು ಖಿನ್ನತೆ. ಬೇಸರ ಬಂದು ಹೋಗುತ್ತದೆ. ಗೆಳೆಯನ ಫೋನ್ ಬಂದರೆ, ಇಷ್ಟದ ಅಡುಗೆ ಆದರೆ ಮುಖ ಅರಳುತ್ತದೆ. ಖಿನ್ನತೆ ಹಾಗಲ್ಲ. ದಿನದ ಹೆಚ್ಚು ಹೊತ್ತು, ಸತತ ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ, ಇಷ್ಟದ ವಿಷಯವೂ ರುಚಿಸುವುದಿಲ್ಲ. ದೊಡ್ಡವರಲ್ಲಿ ಅದು ಅಳುವಾಗಿ, ಮೌನವಾಗಿ ಕಂಡರೆ ಈ ವಯಸ್ಸಿನವರಲ್ಲಿ ಎಷ್ಟೋ ಸಲ ಬರೀ ಸಿಡುಕಾಗಿ ಕಾಣುತ್ತದೆ. ಗುರುತು ತಪ್ಪುವುದು ಅಲ್ಲೇ.

ಈ ವಯಸ್ಸಿಗೇ ಯಾಕೆ ಇಷ್ಟು ಪೆಟ್ಟು?

ಬಾವಿ ತೋಡುವಾಗ ಮೊದಲು ನೀರು ಬರುತ್ತದೆ, ಕಟ್ಟೆ ಕಟ್ಟುವುದು ಆಮೇಲೆ. ಹದಿಹರೆಯದ ಮಿದುಳೂ ಹಾಗೇ. ಸಿಟ್ಟು, ಸಂತೋಷ, ನಾಚಿಕೆ, ಆಸೆಗಳನ್ನು ಹುಟ್ಟಿಸುವ ಒಳಭಾಗಗಳು ಬೇಗ ಚುರುಕಾಗುತ್ತವೆ. ತಡೆದು, ಯೋಚಿಸಿ, ನಾಳೆಯ ಲೆಕ್ಕ ಹಾಕುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ನೀರು ತುಂಬಿದೆ, ಕಟ್ಟೆ ಅರ್ಧ ಎದ್ದಿದೆ. ಅಂಥ ಹೊತ್ತಿನಲ್ಲಿ ಒಂದೂಕಾಲು ವರ್ಷ ಅನಿಶ್ಚಿತತೆ ಸುರಿದರೆ ಅದು ಉಕ್ಕಿ ಹರಿಯುವುದು ಮಗುವಿನ ಕೆಟ್ಟ ಗುಣದಿಂದಲ್ಲ.

ಎರಡನೆಯದು ಗೆಳೆಯರು. ಏಳೆಂಟು ವರ್ಷದ ಮಗುವಿಗೆ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅರ್ಧ ಲೋಕ ಸಿಕ್ಕಿದಂತೆ. ಹದಿನಾಲ್ಕಕ್ಕೆ ಹಾಗಾಗುವುದಿಲ್ಲ. "ನಾನು ಯಾರು, ಹೇಗಿದ್ದೇನೆ" ಎಂಬುದನ್ನು ಓರಗೆಯವರ ಮುಖದಲ್ಲಿ ನೋಡಿ ತಿಳಿಯುವ ವಯಸ್ಸು ಅದು. ಮನೆಯಿಂದ ಒಂದು ಹೆಜ್ಜೆ ಆಚೆ ಇಟ್ಟು, ಮತ್ತೆ ಬಂದು, ಮತ್ತೆ ಆಚೆ ಹೋಗಿ ಕಲಿಯುವ ಕೆಲಸ. ಲಾಕ್‌ಡೌನ್ ಆ ಹೆಜ್ಜೆಯನ್ನೇ ಹೊಸಲಿನೊಳಗೆ ನಿಲ್ಲಿಸಿತು.

ಕಾಫಿ ಸೀಮೆಯವರಿಗೆ ಇದನ್ನು ಹೂಮಳೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಗಿಡದಲ್ಲಿ ಮೊಗ್ಗು ಕೂತಿರುತ್ತದೆ, ಒಂದು ಹದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಮಳೆ ವರ್ಷದ ಒಟ್ಟು ಮಳೆಗೆ ಹೋಲಿಸಿದರೆ ಏನೂ ಅಲ್ಲ, ಆದರೆ ಆ ಹೊತ್ತಿಗೇ ಬೇಕು. ಜುಲೈನಲ್ಲಿ ಎಷ್ಟು ಸುರಿದರೂ ಅದರ ಬದಲಿಯಾಗುವುದಿಲ್ಲ. ಈ ವಯಸ್ಸಿಗೆ ಸ್ನೇಹ ಅಂಥ ಮಳೆ. ಮಳೆ ಕೈಕೊಟ್ಟ ವರ್ಷ ಬೆಳೆಗಾರರು ಕೆರೆ ನೀರು ಎತ್ತಿ ಸ್ಪ್ರಿಂಕ್ಲರ್ ಹಾಕಿ ಮೊಗ್ಗು ಉಳಿಸಿಕೊಳ್ಳುತ್ತಾರೆ. ಫೋನಿನಲ್ಲಿ ಗೆಳತಿಯ ಜೊತೆ ಆಡುವ ಹತ್ತು ನಿಮಿಷದ ಮಾತು ಆ ಸ್ಪ್ರಿಂಕ್ಲರ್ ಇದ್ದಂತೆ. ಮಳೆಗೆ ಸಮ ಅಲ್ಲ, ನಿಜ. ಆದರೆ ಅದನ್ನೂ "ಬರೀ ಹರಟೆ" ಎಂದು ನಿಲ್ಲಿಸಿದರೆ ಮೊಗ್ಗಿಗೆ ಬೇರೆ ನೀರಿಲ್ಲ.

ನಿದ್ದೆಯ ಗಡಿಯಾರ ಕೆಟ್ಟದ್ದು ಹೇಗೆ, ತಿರುಗಿಸುವುದು ಹೇಗೆ

ಲಾಕ್‌ಡೌನ್‌ನಲ್ಲಿ ಮೊದಲು ಕೆಟ್ಟದ್ದು, ಸರಿಯಾದರೆ ಉಳಿದದ್ದನ್ನೂ ಅರ್ಧ ಸರಿಮಾಡುವುದು ನಿದ್ದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕತ್ತಲಾದ ಮೇಲೆ ಮಿದುಳು ಮೆಲಟೋನಿನ್ ಎಂಬ ರಸ ಬಿಡುತ್ತದೆ, ಅದರಿಂದ ದೇಹ ನಿದ್ದೆಗೆ ಸಜ್ಜಾಗುತ್ತದೆ. ಹದಿಹರೆಯದಲ್ಲಿ ಆ ರಸ ಚಿಕ್ಕಮಕ್ಕಳಿಗಿಂತ ಒಂದೆರಡು ಗಂಟೆ ತಡವಾಗಿ ಬಿಡುಗಡೆಯಾಗುತ್ತದೆ. ಒಂಬತ್ತಕ್ಕೆ ನಿದ್ದೆ ಬರುತ್ತಿದ್ದ ಮಗುವಿಗೆ ಹದಿನಾಲ್ಕಾದ ಮೇಲೆ ಹನ್ನೊಂದಾದರೂ ಬರುವುದಿಲ್ಲ. 13ರಿಂದ 18ರವರಿಗೆ ಬೇಕಾದ ನಿದ್ದೆಯೋ 8ರಿಂದ 10 ಗಂಟೆ. ಮಾಮೂಲಿ ದಿನಗಳಲ್ಲಿ ಬೆಳಗಿನ ಬಸ್ಸು ಈ ತಡವನ್ನು ಎಳೆದು ಹಿಡಿಯುತ್ತಿತ್ತು. ಏಳೂವರೆಗೆ ಬಸ್ ಸ್ಟಾಪಿನಲ್ಲಿ ಮುಖಕ್ಕೆ ಬಿಸಿಲು ಬಿದ್ದರೆ ಒಳಗಿನ ಗಡಿಯಾರ ದಿನವೂ ತಿದ್ದಿಕೊಳ್ಳುತ್ತಿತ್ತು. ಬಸ್ಸು ನಿಂತಿತು, ಬೆಳಗಿನ ಬಿಸಿಲು ತಪ್ಪಿತು. ದಿನಕ್ಕೆ ಹತ್ತು ನಿಮಿಷ ಜಾರಿದರೂ ಹದಿನೆಂಟು ದಿನಕ್ಕೆ ಮೂರು ಗಂಟೆ. ಮಲಗುವುದು ಎರಡಕ್ಕೆ, ಏಳುವುದು ಹನ್ನೊಂದಕ್ಕೆ.

ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ, ಅಪ್ಪ ಅಮ್ಮನ ಗಮನಕ್ಕೆ ಬಾರದ್ದು. ದಿನಕ್ಕೆ ಒಂದೂವರೆ ಜಿಬಿ ಕೊಡುವ ರೀಚಾರ್ಜುಗಳಲ್ಲಿ ಹೊಸ ಡೇಟಾ ಬರುವುದು ಮಧ್ಯರಾತ್ರಿ ಹನ್ನೆರಡಕ್ಕೆ. ಹಗಲಿನ ಡೇಟಾ ಆನ್‌ಲೈನ್ ತರಗತಿಗೆ ಮುಗಿದುಹೋಗಿರುತ್ತಿತ್ತು. ಮಕ್ಕಳು ಹನ್ನೆರಡಕ್ಕಾಗಿ ಕಾಯುತ್ತಿದ್ದರು, ಗೆಳೆಯರೆಲ್ಲ ಆಗಲೇ ಸಿಗುತ್ತಿದ್ದರು.

ಸರಿಮಾಡುವ ಕ್ರಮ ಹೀಗೆ. ಮೊದಲು ಮುಟ್ಟಬೇಕಾದ್ದು ಏಳುವ ಹೊತ್ತನ್ನು, ಮಲಗುವ ಹೊತ್ತನ್ನಲ್ಲ. ನಿದ್ದೆಯನ್ನು ಹೊಡೆದು ಬರಿಸಲಾಗುವುದಿಲ್ಲ, ಏಳಿಸಲು ಮಾತ್ರ ಸಾಧ್ಯ. ಈಗ ಹನ್ನೊಂದಕ್ಕೆ ಏಳುವವರು ಎರಡು ದಿನಕ್ಕೊಮ್ಮೆ 20ರಿಂದ 30 ನಿಮಿಷ ಹಿಂದಕ್ಕೆ ಬರಲಿ. ಏಳೂವರೆಗೆ ತಲುಪಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ 20 ನಿಮಿಷವಾದರೂ ಆಕಾಶ ಕಾಣುವ ಜಾಗದಲ್ಲಿರಬೇಕು. ಜೂನ್ ಮೋಡದ ಬೆಳಕೂ ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು, ಅದೇ ಸಾಕು. ಹಸು ಇರುವ ಮನೆಗಳಲ್ಲಿ ಇದಕ್ಕೆ ಡೇರಿಗೆ ಹಾಲು ಹಾಕುವ ಕೆಲಸದಷ್ಟು ಒಳ್ಳೆಯದು ಇನ್ನೊಂದಿಲ್ಲ. ನಿಗದಿ ಹೊತ್ತು, ನಡಿಗೆ, ಬೆಳಕು, ದೂರದಿಂದ ನಾಲ್ಕು ಮುಖ, ಎಲ್ಲವೂ ಸಿಗುತ್ತದೆ. ಲಾಕ್‌ಡೌನ್ ಹೊತ್ತಿನಲ್ಲಾದರೆ ಮಾಸ್ಕ್ ಹಾಕಿ, ಕ್ಯಾನ್ ಇಟ್ಟು, ಅಂತರದಲ್ಲಿ ನಿಂತು ಬಂದರಾಯಿತು.

ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು, ಮೂರರ ನಂತರ ಬೇಡವೇ ಬೇಡ. ಕಾಫಿಯ ವಿಷಯವನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೇಳದೆ ಬಿಡುವಂತಿಲ್ಲ. ಕುಡಿದ ಕಾಫಿಯ ಕೆಫೀನ್ ಐದು ಗಂಟೆ ಕಳೆದರೂ ಸುಮಾರು ಅರ್ಧ ದೇಹದಲ್ಲೇ ಇರುತ್ತದೆ. ಕಾಫಿಯ ಎರಡು ಜಾತಿಗಳ ಪೈಕಿ ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ, ಮನೆಬಳಕೆಯ ಪುಡಿಯಲ್ಲಿ ರೊಬಸ್ಟಾ ಪಾಲು ಜಾಸ್ತಿ ಇರುವುದು ಸಾಮಾನ್ಯ. ಸಂಜೆ ಆರರ ಲೋಟ ಹನ್ನೊಂದರ ನಿದ್ದೆಯನ್ನು ತಡೆಯುತ್ತದೆ. ನಾಲ್ಕರ ನಂತರ ಮಕ್ಕಳಿಗೆ ಬೇಡ.

ತಪ್ಪುವುದು ಎಲ್ಲಿ? ಭಾನುವಾರ ಪೂರ್ತಿ ಬಿಟ್ಟುಬಿಡುವುದರಲ್ಲಿ. ಆರು ದಿನ ಎಳೆದದ್ದನ್ನು ಒಂದು ದಿನ ಹಿಂದಕ್ಕೆ ಒಯ್ಯುತ್ತದೆ, ಅಂದು ಒಂದು ಗಂಟೆಗಿಂತ ಹೆಚ್ಚು ತಡ ಬೇಡ. ಇನ್ನೊಂದು ತಪ್ಪು, ಸಿಟ್ಟು ಬಂದ ಅಪ್ಪ ಒಂದೇ ದಿನದಲ್ಲಿ ಐದೂವರೆಗೆ ಎಬ್ಬಿಸಿ ನೀರು ಚಿಮುಕಿಸುವುದು. ಆ ಮಗು ಮಧ್ಯಾಹ್ನ ಮೂರು ಗಂಟೆ ಮಲಗುತ್ತದೆ, ರಾತ್ರಿ ಮತ್ತೆ ಎರಡು.

ಒಂದು ಮನೆ, ಒಂದು ಫೋನ್, ಎರಡು ಕಡ್ಡಿ ಸಿಗ್ನಲ್

ಲಾಕ್‌ಡೌನ್ ಕಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯ ಒಂದು ಲೈನ್‌ಮನೆಯನ್ನು, ಅಂದರೆ ತೋಟದ ಕೂಲಿಯವರ ಸಾಲುಮನೆಯನ್ನು, ಕಣ್ಣಮುಂದೆ ತಂದುಕೊಳ್ಳಿ. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಸಣ್ಣ ಜಗಲಿ. ಸ್ಮಾರ್ಟ್‌ಫೋನ್ ಅಪ್ಪನದು, ಎಂಟಕ್ಕೆ ತೋಟಕ್ಕೆ ಹೋಗುವಾಗ ಅವರ ಜೇಬಿನಲ್ಲಿ ಹೋಗುತ್ತದೆ. ಅಕ್ಕ ಎಸ್‌ಎಸ್‌ಎಲ್‌ಸಿ, ತಮ್ಮ ಎಂಟನೇ ತರಗತಿ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹತ್ತಕ್ಕೆ ಬಂದ ಪಾಠ ಮನೆಗೆ ತಲುಪುವುದು ಸಂಜೆ ಐದೂವರೆಗೆ. ಅಷ್ಟರಲ್ಲಿ "ಇವತ್ತಿನ ಹೋಂವರ್ಕ್ ಯಾರ್ಯಾರು ಕಳಿಸಿಲ್ಲ" ಎಂಬ ಪಟ್ಟಿಯೂ ಅದೇ ಗುಂಪಿನಲ್ಲಿ ಬಿದ್ದಿರುತ್ತದೆ. ಎಲ್ಲರ ಕಣ್ಣಿಗೆ ಬಿದ್ದ ತನ್ನ ಹೆಸರನ್ನು ಅವಳು ಅಪ್ಪನ ಫೋನಿನಲ್ಲಿ ಅಪ್ಪನ ಎದುರೇ ಓದಬೇಕು. ಓದಿನಿಂದ ದೂರ ಸರಿಯುವುದು ಎಷ್ಟೋ ಮಕ್ಕಳಲ್ಲಿ ಈ ಅವಮಾನದಿಂದಲೇ ಶುರುವಾಗುತ್ತದೆ.

ಸಿಗ್ನಲ್ ಕತೆ ಬೇರೆ. ಮಾತಿನ ಕರೆಗೆ ತೆಳ್ಳನೆಯ ಸಿಗ್ನಲ್ ಸಾಕು, ವಿಡಿಯೋಗೆ ಸಾಲದು. ಅದಕ್ಕೇ "ಫೋನ್ ಹೋಗುತ್ತಲ್ಲ, ಕ್ಲಾಸ್ ಯಾಕೆ ಬರಲ್ಲ" ಎಂಬ ಜಗಳ. ಗುಡ್ಡ ಅಡ್ಡ ಬಂದರೆ, ಮರ ದಟ್ಟವಾಗಿದ್ದರೆ ಸಿಗ್ನಲ್ ಸೋರುತ್ತದೆ. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಡೀಸೆಲ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದರು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಇಂಬಳ (ಜಿಗಣೆ) ಹತ್ತದಂತೆ ಸುಣ್ಣವೋ ಹೊಗೆಸೊಪ್ಪೋ ಹಚ್ಚಿಕೊಂಡು, ಕೊಡೆಯಡಿ ಫೋನ್ ಹಿಡಿದು ಬೀಜಗಣಿತ ಕೇಳುವ ಮಕ್ಕಳನ್ನು ಸೋಮಾರಿಗಳು ಎನ್ನುವುದು ಯಾವ ನ್ಯಾಯ?

ಇರುವುದರಲ್ಲಿ ಹೊಂದಿಸುವ ದಾರಿ ಇದೆ. ನೇರ ತರಗತಿಯಲ್ಲಿ ವಿಡಿಯೋ ಆನ್ ಇದ್ದರೆ ಗಂಟೆಗೆ ಅರ್ಧದಿಂದ ಒಂದು ಜಿಬಿ ಹೋಗುತ್ತದೆ. ಬರೀ ಧ್ವನಿಗೆ 50 ಎಂಬಿ ಆಸುಪಾಸು. ಯೂಟ್ಯೂಬಿನ ಪಾಠವನ್ನು ಚಿತ್ರದ ಸ್ಪಷ್ಟತೆ ಇಳಿಸಿ 144ಪಿಯಲ್ಲಿ ನೋಡಿದರೆ 480ಪಿಗಿಂತ ಬಹಳ ಕಡಿಮೆ ಡೇಟಾ ಸಾಕು. ಸಮಾಜ, ಕನ್ನಡಕ್ಕೆ 144 ನಡೆಯುತ್ತದೆ. ಗಣಿತಕ್ಕೆ ಬೋರ್ಡಿನ ಅಂಕಿ ಕಾಣಬೇಕಾದ್ದರಿಂದ 360 ಬೇಕು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ತೆರೆದು ವಿಡಿಯೋ, ಫೋಟೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ನೆಂಟರ ಗುಂಪಿನ ಶುಭೋದಯಗಳೇ ದಿನಕ್ಕೆ ನೂರಾರು ಎಂಬಿ ತಿನ್ನುವುದುಂಟು. ಆಗ ಚಂದನ ಟಿವಿ ವಾಹಿನಿಯಲ್ಲಿ ಬರುತ್ತಿದ್ದ ಪಾಠಕ್ಕೆ ಡೇಟಾ ಬೇಕಿರಲಿಲ್ಲ, ಶಿಕ್ಷಣ ಇಲಾಖೆಯ ಮಕ್ಕಳವಾಣಿ ಯೂಟ್ಯೂಬಿನಲ್ಲಿತ್ತು.

ಫೋನ್ ಹಂಚಿಕೆಯನ್ನು ಬಾಯಲ್ಲಿ ಹೇಳಬೇಡಿ, ಗೋಡೆಯ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿ. ಐದೂವರೆಯಿಂದ ಏಳು ಅಕ್ಕನಿಗೆ, ಏಳರಿಂದ ಎಂಟೂಕಾಲು ತಮ್ಮನಿಗೆ, ಆಮೇಲೆ ಇಬ್ಬರಿಗೂ ಇಪ್ಪತ್ತಿಪ್ಪತ್ತು ನಿಮಿಷ ಗೆಳೆಯರಿಗೆ. ಹತ್ತಕ್ಕೆ ಫೋನ್ ಬೀರುವಿನ ಮೇಲೆ, ಎಲ್ಲರದೂ, ಅಪ್ಪನದೂ. ಪಟ್ಟಿಯಲ್ಲಿ ಮೊದಲು ಬರೆಯಬೇಕಾದ್ದು ಗೆಳೆಯರ ಇಪ್ಪತ್ತು ನಿಮಿಷವನ್ನೇ. "ಓದೆಲ್ಲ ಮುಗಿದು ಸಮಯ ಉಳಿದರೆ" ಎಂದಿರೋ, ಸಮಯ ಎಂದೂ ಉಳಿಯುವುದಿಲ್ಲ, ಅದು ಮಧ್ಯರಾತ್ರಿಗೆ ಕದ್ದು ಹೋಗುತ್ತದೆ.

ಶಿಕ್ಷಕರಿಗೂ ಒಂದು ಮಾತು. ವಿಡಿಯೋ ಆಫ್ ಇಟ್ಟ ಮಗು ಗೈರುಹಾಜರಿಯಲ್ಲ. ಹಿಂದಿನ ಗೋಡೆ, ಒಣಹಾಕಿದ ಬಟ್ಟೆ, ಮಲಗಿರುವ ಅಜ್ಜಿ ಎಲ್ಲರಿಗೂ ಕಾಣುತ್ತದಲ್ಲ ಎಂಬ ಸಂಕೋಚ ಅದು. ಹೆಸರು ಕರೆದಾಗ ಧ್ವನಿ ಬಂದರೆ ಸಾಕು ಎನ್ನಿ. ಹೋಂವರ್ಕ್ ಕಳಿಸದವರ ಹೆಸರನ್ನು ಗುಂಪಿಗೆ ಹಾಕದೆ ಆ ಮನೆಗೊಂದು ಫೋನ್ ಮಾಡಿ.

ದಿನಾಂಕವೇ ಇಲ್ಲದ ಪರೀಕ್ಷೆ

ಸಕಲೇಶಪುರದ ಬಸ್ಸಿಗೆ ನಿಂತಿದ್ದೀರಿ. ನಾಲ್ಕಕ್ಕೆ ಬರುತ್ತದೆ ಎಂದು ಗೊತ್ತಿದ್ದರೆ ಬ್ಯಾಗು ಕೆಳಗಿಟ್ಟು ಒಂದು ಟೀ ಕುಡಿದು ಬರಬಹುದು. "ಈಗ ಬರುತ್ತೆ, ಈಗ ಬರುತ್ತೆ" ಎಂದರೆ ಬ್ಯಾಗು ಹೆಗಲಿನಿಂದ ಇಳಿಯುವುದಿಲ್ಲ, ಅತ್ತಿತ್ತ ಹೋಗಲಾಗುವುದಿಲ್ಲ. ಎರಡು ಗಂಟೆಯ ನಿಶ್ಚಿತ ಕಾಯುವಿಕೆಗಿಂತ ಅರ್ಧ ಗಂಟೆಯ ಅನಿಶ್ಚಿತ ಕಾಯುವಿಕೆ ಹೆಚ್ಚು ಸುಸ್ತು ಮಾಡುತ್ತದೆ. ಆತಂಕ ಕೆಲಸ ಮಾಡುವ ರೀತಿ ಇದೇ: ಅಪಾಯ ಯಾವಾಗ ಎಂದು ತಿಳಿಯದಿದ್ದರೆ ದೇಹ ಸದಾ ಎಚ್ಚರದಲ್ಲಿರುತ್ತದೆ. ಎದೆ ಬಡಿತ, ಹೊಟ್ಟೆ ತೊಳಸು, ತಲೆನೋವು, ಓದಿದ್ದು ತಲೆಗೆ ಹೋಗದಿರುವುದು ಅದರ ಲಕ್ಷಣಗಳು.

2020ರಲ್ಲಿ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆದದ್ದು ಜೂನ್ 25ರಿಂದ. 2021ರ ಜೂನ್ 4ರಂದು ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿಗೆ ಜುಲೈ ಮೂರನೇ ವಾರ ಎರಡೇ ದಿನ, ಎಲ್ಲ ಬಹು ಆಯ್ಕೆ ಪ್ರಶ್ನೆ, ವಿಷಯಕ್ಕೆ 40 ಅಂಕದಂತೆ ದಿನಕ್ಕೆ 120 ಎಂದು ಘೋಷಿಸಿದರು. ರದ್ದಾದದ್ದು ಪಿಯು ಮಕ್ಕಳಿಗೆ ಖುಷಿ ತಂದಿರಬೇಕು ಎಂದು ದೊಡ್ಡವರು ಭಾವಿಸಿದರು. ಮೊದಲ ದಿನ ಹೌದು. ಮೂರನೇ ದಿನಕ್ಕೆ ಇನ್ನೊಂದು ಬಗೆಯ ಸಂಕಟ. ಪ್ರಥಮ ಪಿಯು ಅಂಕದ ಮೇಲೆ ಫಲಿತಾಂಶ ಎಂದು ಆಗ ಹೇಳಿದ್ದರು, "ಫಸ್ಟ್ ಇಯರ್ ಲೆಕ್ಕಕ್ಕಿಲ್ಲ" ಎಂಬ ಮಾತು ನಂಬಿ ಆ ವರ್ಷ ಹಗುರ ತೆಗೆದುಕೊಂಡವರು ಎಷ್ಟೋ. ಒಂದೂ ಬೀಳ್ಕೊಡುಗೆ ಇಲ್ಲದೆ, ಒಂದು ಗುಂಪು ಫೋಟೊ ಇಲ್ಲದೆ ಕಾಲೇಜು ಮುಗಿಯಿತು. ಇದೂ ಒಂದು ನಷ್ಟವೇ, ಅದಕ್ಕೆ ಅಳು ಬಂದರೆ ಅದು ಅತಿ ಅಲ್ಲ.

ಹಾಸನದ ಎಸ್‌ಎಸ್‌ಎಲ್‌ಸಿ ಮಕ್ಕಳ ಮೇಲೆ ಇನ್ನೊಂದು ತೂಕವಿತ್ತು. 2019ರಲ್ಲಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿತ್ತು. ಆ ಹೆಮ್ಮೆ ಇರಲಿ, ಆದರೆ 2019ರ ಆ ಮಕ್ಕಳು ದಿನವೂ ಶಾಲೆಗೆ ಹೋಗಿ ಓದಿದವರು ಎಂಬುದೂ ನೆನಪಿರಲಿ.

ದೊಡ್ಡ ದಿನಾಂಕ ಅಲುಗಾಡುವಾಗ ಸಣ್ಣ ದಿನಾಂಕಗಳನ್ನು ಗಟ್ಟಿ ಮಾಡಿಕೊಳ್ಳಬೇಕು. 2021ರ ಜೂನ್ ನಡುವಿನಲ್ಲಿ ಜುಲೈ ಮೂರನೇ ವಾರಕ್ಕೆ ಸುಮಾರು ಐದು ವಾರವಿತ್ತು. ವಾರಕ್ಕೆ ಆರು ದಿನ ಎಂದರೂ ಮೂವತ್ತು ದಿನ, ಆರು ವಿಷಯ, ವಿಷಯಕ್ಕೆ ಐದು ದಿನ. ದಿನಕ್ಕೆ 40 ನಿಮಿಷದ ನಾಲ್ಕು ಸುತ್ತು, ನಡುವೆ ಹತ್ತು ನಿಮಿಷ ಬಿಡುವು, ಕೊನೆಗೆ 20 ಬಹು ಆಯ್ಕೆ ಪ್ರಶ್ನೆ. ಉತ್ತರ ತಪ್ಪಾದರೆ ಆ ಪಾಠದ ಆ ಪುಟ ಮಾತ್ರ ಮತ್ತೆ. ಇಡೀ ದಿನ ಪುಸ್ತಕ ಹಿಡಿದು ಕೂರಿಸಿದರೆ ಎರಡನೇ ಗಂಟೆಯಿಂದಾಚೆ ಕಣ್ಣು ಓದುತ್ತದೆ, ತಲೆ ಓದುವುದಿಲ್ಲ.

ಒಬ್ಬರೇ ಇರಲು ಒಂದು ಮೂಲೆ

ಅಟ್ಟದ ಮೆಟ್ಟಿಲು, ಕೊಟ್ಟಿಗೆಯ ಪಕ್ಕದ ಜಗಲಿ, ಮಂಚದ ಒಂದು ತುದಿಗೆ ಹಳೇ ಸೀರೆಯ ಪರದೆ. ಈ ವಯಸ್ಸಿನವರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಯಾರೂ ಇಣುಕದ ಜಾಗ ಬೇಕು. ಎಲ್ಲರೂ ಇಡೀ ದಿನ ಮನೆಯಲ್ಲೇ ಇರುವಾಗ ಅದು ಸಿಗುವುದಿಲ್ಲ. ಸ್ನಾನದ ಮನೆಯಲ್ಲಿ ಮುಕ್ಕಾಲು ಗಂಟೆ ಕಳೆಯುವ ಹುಡುಗಿ ಹೆಚ್ಚಾಗಿ ಹುಡುಕುತ್ತಿರುವುದು ಇದನ್ನೇ.

ಹೆಣ್ಣುಮಕ್ಕಳಿಗೆ ಇನ್ನೆರಡು ಸೇರುತ್ತವೆ. ಶಾಲೆ ಇಲ್ಲವೆಂದ ಮೇಲೆ ಪಾತ್ರೆ, ಬಟ್ಟೆ, ತಮ್ಮ ತಂಗಿಯರ ಊಟ ಸದ್ದಿಲ್ಲದೆ ಅವಳ ಪಾಲಿಗೆ ಬಂದವು. ಲಾಕ್‌ಡೌನ್‌ನಲ್ಲಿ ಬೆಳಗ್ಗೆ ಆರರಿಂದ ಹತ್ತರವರೆಗೆ ತೆರೆಯುತ್ತಿದ್ದ ಅಂಗಡಿಗೆ ಹೋಗುತ್ತಿದ್ದವರು ಗಂಡಸರು, ಅವರ ಕೈಯಲ್ಲಿ ಪ್ಯಾಡ್ ತರಿಸುವುದು ಹೇಗೆ? ಅಮ್ಮ ತಿಂಗಳ ದಿನಸಿ ಚೀಟಿಯಲ್ಲೇ ಅದನ್ನು ಬರೆದುಬಿಟ್ಟರೆ ಒಂದು ಮುಜುಗರ ಮುಗಿಯಿತು. ಗಂಡುಮಕ್ಕಳು ಬೇರೆ ಕಡೆ ಸೋರಿಹೋಗುತ್ತಿದ್ದರು: ಆಲೂಗಡ್ಡೆ ಬಿತ್ತನೆಗೆ, ಶುಂಠಿ ಹೊಲಕ್ಕೆ ಕೂಲಿಗೆ ಹೋದವನ ಕೈಯಲ್ಲಿ ದುಡ್ಡು ಓಡಾಡತೊಡಗಿದರೆ ಶಾಲೆ ತೆರೆದಾಗ ಅವನು ಮರಳುವುದು ಕಷ್ಟ. ಮನೆ ಕೆಲಸ, ಹೊಲದ ಕೆಲಸ ಬೇಡವೆಂದಲ್ಲ. ದಿನಕ್ಕೆ ಒಂದೆರಡು ಗಂಟೆ, ಹುಡುಗ ಹುಡುಗಿ ಇಬ್ಬರಿಗೂ ಸಮ, ಓದಿನ ಹೊತ್ತು ಬಿಟ್ಟು. ಅಂಥ ಕೆಲಸ ಮನಸ್ಸಿಗೂ ಒಳ್ಳೆಯದು.

ಸೋಂಕು ಮನೆಗೇ ಬಂದಾಗ

2020ರ ಏಪ್ರಿಲ್ ಕೊನೆಗೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಸೋಂಕಿಲ್ಲದ ಹಸಿರು ವಲಯದಲ್ಲಿದ್ದವು. 2021ರಲ್ಲಿ ಸೋಂಕು ಕಾಣದ ಹಳ್ಳಿ ಅಪರೂಪ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಮಲಗಿ, ಹದಿನೈದರ ಮಗನೋ ಮಗಳೋ ಗಂಜಿ ಕಾಸಿ, ಬೆರಳಿಗೆ ಕ್ಲಿಪ್ ಹಾಕಿ, ಆಕ್ಸಿಜನ್ 94ಕ್ಕಿಂತ ಕೆಳಗೆ ಹೋಯಿತೇ ಎಂದು ನೋಡಿ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಅಪ್ಪ ಅಮ್ಮ ಗುಣವಾಗಿ ವಾರಗಳಾದ ಮೇಲೂ ಆ ಮಗು ರಾತ್ರಿ ಎದ್ದು ಅವರ ಉಸಿರು ನೋಡುತ್ತಿದ್ದರೆ ಅದು ಹುಚ್ಚಲ್ಲ. ಅಷ್ಟು ದಿನ ಕಾವಲು ಕಾಯ್ದ ಮನಸ್ಸಿಗೆ ಕಾವಲು ಮುಗಿಯಿತು ಎಂದು ಯಾರೂ ಹೇಳಿರುವುದಿಲ್ಲ. ಹೇಳಬೇಕು, ಬಾಯಿ ಬಿಟ್ಟು: "ನೀನು ನೋಡಿಕೊಂಡೆ, ನಾವು ಹುಷಾರಾದ್ವಿ, ಇನ್ನು ನಾವು ನೋಡ್ಕೋತೀವಿ."

"ನಾನೇ ತಂದೆನಾ?" ಎಂಬ ಪ್ರಶ್ನೆ ಇನ್ನೂ ಆಳದ್ದು. ಕ್ರಿಕೆಟ್ ಆಡಿ ಬಂದ ವಾರಕ್ಕೆ ಅಜ್ಜನಿಗೆ ಜ್ವರ ಬಂದರೆ ಹುಡುಗ ಅದನ್ನು ಯಾರಿಗೂ ಹೇಳದೆ ಒಳಗೇ ಹೊತ್ತು ತಿರುಗುತ್ತಾನೆ. ಅವನಿಗೆ ಲೆಕ್ಕ ತೋರಿಸಿ. ವೈರಾಣು ಹೊಕ್ಕು ಲಕ್ಷಣ ಕಾಣಲು 2ರಿಂದ 14 ದಿನ, ಬಹುಪಾಲು ಐದು ದಿನದ ಆಸುಪಾಸು. ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡಬಲ್ಲದು, ಲಕ್ಷಣವೇ ಇಲ್ಲದವರಿಂದಲೂ ಹರಡಬಲ್ಲದು. ಹಾಲಿನ ಡೇರಿ, ದಿನಸಿ ಅಂಗಡಿ, ಬ್ಯಾಂಕ್, ತೋಟದ ಆಳು, ಯಾರಿಂದ ಎಂದು ಯಾರೂ ಹೇಳಲಾರರು. ಊರಿನವರ ಬೊಟ್ಟುಮಾತಿಗೂ ಇದೇ ಉತ್ತರ. 2020ರಲ್ಲಿ ಮುಂಬೈಯಿಂದ ಬಂದ ಕುಟುಂಬಗಳ ಮಕ್ಕಳು ಊರಲ್ಲಿ ಅನುಭವಿಸಿದ್ದು ಕಡಿಮೆಯಲ್ಲ.

ಸಾವಾದ ಮನೆಗಳಲ್ಲಿ ದುಃಖಕ್ಕೆ ದಾರಿಯೇ ಇರಲಿಲ್ಲ. ಮುಖ ನೋಡಲಿಲ್ಲ, ಹೆಗಲು ಕೊಡಲಿಲ್ಲ, ತಿಥಿಗೆ ನೆಂಟರು ಬರಲಿಲ್ಲ. ಹದಿಹರೆಯದ ದುಃಖ ಸತತವಾಗಿ ಹರಿಯುವುದಿಲ್ಲ, ಬಿಟ್ಟುಬಿಟ್ಟು ಬರುತ್ತದೆ. ಬೆಳಗ್ಗೆ ಅತ್ತವಳು ಮಧ್ಯಾಹ್ನ ಮೊಬೈಲ್ ನೋಡಿ ನಕ್ಕರೆ "ಇವಳಿಗೆ ಏನೂ ಅನಿಸಿಲ್ಲ" ಎನ್ನಬೇಡಿ. ತಡವಾಗಿಯಾದರೂ ಒಂದು ಸಣ್ಣ ಕಾರ್ಯ ಮಾಡಿ, ಅದರಲ್ಲಿ ಮಗುವಿಗೊಂದು ಕೆಲಸ ಕೊಡಿ: ಫೋಟೊ ಆರಿಸುವುದು, ದೀಪ ಹಚ್ಚುವುದು, ಅಪ್ಪ ಇಷ್ಟಪಡುತ್ತಿದ್ದ ಗಿಡ ನೆಡುವುದು. ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರ ಮೇ 29ರಂದು ಘೋಷಿಸಿದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ಅವರನ್ನು ನೋಡಿಕೊಳ್ಳುವವರ ಮೂಲಕ ತಿಂಗಳಿಗೆ 3,500 ರೂಪಾಯಿ ನೆರವು ಎಂದಿತ್ತು. ಹತ್ತನೇ ತರಗತಿ ಮುಗಿಸಿದವರಿಗೆ ಓದಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಕೂಡ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಮಾತಾಡಿಸುವುದು ಹೇಗೆ

ಎದುರು ಕೂರಿಸಿ "ಏನಾಗಿದೆ ನಿನಗೆ?" ಎಂದರೆ ಉತ್ತರ "ಏನಿಲ್ಲ". ಈ ವಯಸ್ಸಿನವರು ಅಕ್ಕಪಕ್ಕ ಕೂತು ಕೈಗೆ ಕೆಲಸ ಇದ್ದಾಗ ಬಾಯಿ ಬಿಡುತ್ತಾರೆ. ಹಲಸಿನ ಕಾಲ ಎನ್ನಿ. ಅಂಗಳದಲ್ಲಿ ಗೋಣಿಚೀಲ ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿ ಹಪ್ಪಳಕ್ಕೆ ತೊಳೆ ಬಿಡಿಸಲು ಕೂತರೆ ಒಂದು ಗಂಟೆ ಯಾರ ಕೈಗೂ ಮೊಬೈಲ್ ಹೋಗುವುದಿಲ್ಲ, ಮೇಣ ಬಿಡಬೇಕಲ್ಲ. ಕಣ್ಣು ಹಣ್ಣಿನ ಮೇಲಿರುತ್ತದೆ, ಯಾರೂ ಯಾರ ಮುಖ ನೋಡಬೇಕಿಲ್ಲ. ಆಗ ಕೇಳಿ: "ಯಾರನ್ನ ನೋಡ್ದೆ ಜಾಸ್ತಿ ಬೇಜಾರಾಗ್ತಿದೆ?" ಕೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಬಹಳ ಸಲ ಉತ್ತರ ಎಂಟನೇ ಎಣಿಕೆಗೆ ಬರುತ್ತದೆ, ನಾವು ಮೂರಕ್ಕೇ ಬುದ್ಧಿವಾದ ಶುರುಮಾಡಿರುತ್ತೇವೆ.

"ಮೂರು ಹೊತ್ತು ಊಟ ಸಿಗ್ತಿದೆ, ನಿಂಗೇನು ಕಷ್ಟ" ಎಂಬ ಮಾತು ಬಾಗಿಲು ಮುಚ್ಚುತ್ತದೆ. "ಹೌದು, ಕಷ್ಟಾನೇ" ಎಂದರೆ ತೆರೆಯುತ್ತದೆ. ಪರಿಹಾರ ಅಂದೇ ಹೇಳಬೇಕೆಂದಿಲ್ಲ.

ಮನೆಮದ್ದು ಸಾಲದಾದಾಗ

ಎರಡು ವಾರ ದಾಟಿದ ಮಂಕು ಅಥವಾ ಸಿಡುಕು, ಊಟ ನಿದ್ದೆಯಲ್ಲಿ ದೊಡ್ಡ ಏರುಪೇರು, ಗೆಳೆಯರ ಕರೆಯನ್ನೂ ಎತ್ತದಿರುವುದು, ಕೈಗೆ ಗಾಯ ಮಾಡಿಕೊಳ್ಳುವುದು, "ನಾನಿದ್ದು ಏನಾಗ್ಬೇಕು" ಎಂಬ ಮಾತು. ಕೊನೆಯ ಎರಡರಲ್ಲಿ ಒಂದು ಕಂಡರೂ ಎರಡು ವಾರ ಕಾಯಬಾರದು, ಅಂದೇ ಮಾತಾಡಬೇಕು. "ಸಾಯ್ಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ, ಕೇಳಿದ್ದರಿಂದ ಮಗುವಿಗೆ ಹಗುರವಾಗುವುದೇ ಹೆಚ್ಚು. ಅಂಥ ಮಗುವನ್ನು ಒಂಟಿಯಾಗಿ ಬಿಡಬೇಡಿ. ಗದ್ದೆ, ತೋಟಕ್ಕೆ ಹೊಡೆಯುವ ಔಷಧಿ ಯಾವ ಮನೆಯಲ್ಲೂ ಕೈಗೆ ಸಿಗುವಂತೆ ಇರಬಾರದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಮನೆಯಿಂದ ಹೊರಗೆ, ಕೀಲಿ ಹಿರಿಯರೊಬ್ಬರ ಬಳಿ ಮಾತ್ರ.

ಲಾಕ್‌ಡೌನ್ ಇದ್ದಾಗಲೂ ಆಸ್ಪತ್ರೆಗೆ ಹೋಗಲು ತಡೆಯಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಆಪ್ತಸಮಾಲೋಚನಾ ಕೇಂದ್ರದ ಹೆಸರು ಸ್ನೇಹ ಕ್ಲಿನಿಕ್. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ಕೇಳಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮೊದಲ ಭೇಟಿಯಲ್ಲಿ ನಡೆಯುವುದು ಬಹುಪಾಲು ಮಾತು: ನಿದ್ದೆ, ಊಟ, ಓದು, ಮನೆ, ಭಯಗಳ ಬಗ್ಗೆ ಪ್ರಶ್ನೆ, ಸ್ವಲ್ಪ ಹೊತ್ತು ಮಗುವಿನ ಜೊತೆ ಒಬ್ಬರೇ. ಹೋದ ಕೂಡಲೇ ಮಾತ್ರೆ ಕೊಡುತ್ತಾರೆ ಎಂಬುದು ತಪ್ಪು ತಿಳಿವಳಿಕೆ.

ಫೋನಿನಲ್ಲಾದರೆ ಆರೋಗ್ಯ ಇಲಾಖೆಯ 104, ನಿಮ್ಹಾನ್ಸ್‌ನ 080-46110007. ಮನೆಯಲ್ಲಿ ಹೊಡೆತ, ಬಾಲ್ಯವಿವಾಹದ ಮಾತುಕತೆ, ಶಾಲೆ ಬಿಡಿಸಿ ಕೂಲಿಗೆ ಕಳಿಸುವುದು, ಯಾರಾದರೂ ಕೆಟ್ಟದಾಗಿ ಮುಟ್ಟುವುದು ಇವಕ್ಕೆಲ್ಲ ಮಕ್ಕಳ ಸಹಾಯವಾಣಿ 1098. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ. ಮಗುವೇ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಎತ್ತಿದವರಿಗೆ ಊರು, ಮಗುವಿನ ವಯಸ್ಸು, ಈಗ ಮಗು ಎಲ್ಲಿದೆ, ಏನಾಗುತ್ತಿದೆ ಎಂಬ ನಾಲ್ಕು ವಿಷಯ ಮೊದಲು ಹೇಳಿದರೆ ಸಾಕು, ಹೆಸರನ್ನು ಆಮೇಲೆ ಹೇಳಬಹುದು.